ಕಟುಕರ ಮೇಜಿನ ಕಾಲಿನಿಂದ ಬಂದ ನಡಿಗೆ: ಇಂಗ್ಲಿಷಿನ ‘ಶ್ಯಾಂಬಲ್’ ಪದದ ಕತೆ

ಜಾನ್ ಡ್ರೈಡನ್ ಬರೆದ ‘ದಿ ಸ್ಪ್ಯಾನಿಷ್ ಫ್ರಯರ್’ ನಾಟಕ ಅಚ್ಚಾಗಿದ್ದು 1681ರಲ್ಲಿ. ಅದರಲ್ಲೊಂದು ಪಾತ್ರ, ದೂರದಿಂದ ಬರುತ್ತಿರುವ ಒಬ್ಬ ಮುದುಕನನ್ನು ಮುಖ ಕಾಣುವ ಮೊದಲೇ ಗುರುತು ಹಿಡಿಯುತ್ತದೆ. ಆ ‘ಶ್ಯಾಂಬಲಿಂಗ್’ ನಡಿಗೆ ನೋಡಿದರೆ ಇವನು ಬಾರ್ಸಿಲೋನಾದಲ್ಲಿ ನನಗೆ ಪರಿಚಯವಿದ್ದ ಸಾಹುಕಾರ, ಮುದಿ ಬ್ಯಾಂಕರ್ ಗೋಮೆಜ್ ಇರಬೇಕು ಅಂತ ಅದರ ಮಾತು. ಇಂಗ್ಲಿಷ್ ಬರಹದಲ್ಲಿ ‘ಶ್ಯಾಂಬಲ್’ ಅನ್ನುವ ಕ್ರಿಯಾಪದ ನಡಿಗೆಯ ಅರ್ಥದಲ್ಲಿ ಸಿಗುವ ತೀರಾ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು.

ಪದ ಅಷ್ಟೇನೂ ಅಪರೂಪದ್ದಲ್ಲ. ಇಂಗ್ಲಿಷ್ ಕಾದಂಬರಿ ಓದುವವರು ಆಗಾಗ ಎದುರಾಗಿರುತ್ತಾರೆ. ಡಿಕ್ಷನರಿ ತೆಗೆದರೆ ‘ಒಡ್ಡೊಡ್ಡಾಗಿ ನಡೆಯುವುದು, ಕಾಲೆಳೆದುಕೊಂಡು ನಡೆಯುವುದು’ ಅಂತ ಒಂದು ಸಾಲು ಇರುತ್ತದೆ. ಅಲ್ಲಿಗೆ ಮುಗಿಯಿತು ಅನ್ನಿಸುತ್ತದೆ. ಆದರೆ ಈ ಪದದ ಹಿಂದೆ ಒಂದು ಮೇಜಿದೆ. ಮಾಂಸ ಮಾರುವ ಕಟುಕರ ಮೇಜು. ಆ ಮೇಜಿನ ಕಾಲುಗಳು ಒಂದು ಅರ್ಥ ಹೊತ್ತುಕೊಂಡು ಒಂದು ದಾರಿಗೆ ಹೋದವು. ಅದರ ಹಲಗೆ ಇನ್ನೊಂದು ಅರ್ಥ ಹೊತ್ತುಕೊಂಡು ಬೇರೆ ದಾರಿ ಹಿಡಿಯಿತು. ಇವತ್ತು ಆ ಎರಡು ಅರ್ಥಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬದುಕಿವೆ.

ಮೊದಲು ನಡಿಗೆ ಎಂಥದು ಅಂತ ಸರಿಯಾಗಿ ನೋಡಿಕೊಳ್ಳೋಣ.

ಸೊಟ್ಟಪಟ್ಟ ನಡಿಗೆಗೆ ಇಂಗ್ಲಿಷಿನಲ್ಲಿ ಪದಗಳು ಬೇಕಾದಷ್ಟಿವೆ. ಬಾತುಕೋಳಿಯ ಹಾಗೆ ಅತ್ತಿತ್ತ ಓಲಾಡುತ್ತಾ ಗಿಡ್ಡ ಹೆಜ್ಜೆ ಇಟ್ಟರೆ ‘ವಾಡಲ್’. ಕುಂಟಿದರೆ ‘ಹಾಬಲ್’. ಭಾರದ ಮೈ ಹೊತ್ತು ದಡದಡ ನಡೆದರೆ ‘ಲಂಬರ್’. ಕುಡಿದವರು ತೂರಾಡಿದರೆ ‘ಸ್ಟ್ಯಾಗರ್’. ದಣಿದ ಮೈಯಲ್ಲಿ, ಕೆಸರಿನಲ್ಲೋ ಏರಿನಲ್ಲೋ ಒಂದೊಂದೇ ಹೆಜ್ಜೆ ಕಿತ್ತಿಟ್ಟರೆ ‘ಟ್ರಡ್ಜ್’. ಪಾದ ನೆಲ ಬಿಡದೆ ಉಜ್ಜಿಕೊಂಡು ಹೋದರೆ ‘ಶಫಲ್’.

‘ಶ್ಯಾಂಬಲ್’ ಇವುಗಳ ಪಕ್ಕದ ಮನೆಯದು. ಆದರೆ ಇದರಲ್ಲಿ ಮುಖ್ಯವಾದದ್ದು ಸಡಿಲ. ಕಾಲುಗಳ ಮಧ್ಯೆ ಅಂತರ ಜಾಸ್ತಿ. ಮಂಡಿಗೆ ಬಿಗಿ ಇಲ್ಲ. ಪಾದ ಪೂರ್ತಿ ಏಳುವುದಿಲ್ಲ, ಹಾಗಂತ ಪೂರ್ತಿ ಎಳೆಯುವುದೂ ಇಲ್ಲ. ಭುಜ ಜೋತುಬಿದ್ದಿರುತ್ತದೆ. ಕೈ ಎಲ್ಲಿಗೋ, ಕಾಲು ಎಲ್ಲಿಗೋ. ನೋವಿರಬೇಕು ಅಂತೇನಿಲ್ಲ, ಕುಡಿದಿರಬೇಕು ಅಂತಲೂ ಇಲ್ಲ. ಮೈಯ ಭಾಗಗಳೆಲ್ಲ ಇವೆ, ಆದರೆ ಒಂದಕ್ಕೊಂದು ಮಾತು ಕೇಳುತ್ತಿಲ್ಲ. ಆ ನಡಿಗೆಗೆ ಇದು ಹೆಸರು.

1755ರಲ್ಲಿ ತಮ್ಮ ಹೆಸರಾಂತ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ನರಿಗೆ ಈ ಪದ ಹಿಡಿಸಿರಲಿಲ್ಲ. ಒಡ್ಡಾಗಿ, ಅಡ್ಡಾದಿಡ್ಡಿಯಾಗಿ ಚಲಿಸುವುದು ಅಂತ ಅರ್ಥ ಕೊಟ್ಟರು. ಜೊತೆಗೆ ಇದು ಕೀಳು ಪದ, ಕೆಟ್ಟ ಪದ ಅಂತ ಷರಾ ಬರೆದರು. ಉದಾಹರಣೆಗೆ ಕೊಟ್ಟಿದ್ದು ಡ್ರೈಡನ್ನನ ಅದೇ ಗೋಮೆಜ್ ಸಾಲನ್ನೇ. ಆ ಕಾಲದಲ್ಲಿ ಇದು ಬೀದಿಯ ಮಾತಾಗಿತ್ತು ಅನ್ನುವುದಕ್ಕೆ ಈ ಷರಾ ಒಳ್ಳೆಯ ಸಾಕ್ಷಿ. ಪಂಡಿತರು ಮಾಡಿದ ಪದವಾಗಿದ್ದರೆ ಅವರು ಬೈಯುತ್ತಿರಲಿಲ್ಲ.

ಈಗ ಮೇಜಿನ ವಿಷಯಕ್ಕೆ ಬರೋಣ.

ಲ್ಯಾಟಿನ್ನಿನಲ್ಲಿ ‘ಸ್ಕಾಮ್ನುಮ್’ ಅಂದರೆ ಬೆಂಚು. ಅದರ ಚಿಕ್ಕ ರೂಪ ‘ಸ್ಕಾಮೆಲ್ಲುಮ್’, ಅಂದರೆ ಸಣ್ಣ ಬೆಂಚು, ಮಣೆ. ರೋಮನ್ನರ ಜೊತೆ ವ್ಯಾಪಾರ, ಜಗಳ, ನೆರೆಹೊರೆ ಎಲ್ಲ ಇದ್ದ ಜರ್ಮಾನಿಕ್ ಬುಡಕಟ್ಟುಗಳು ಈ ಪದವನ್ನು ಬಹಳ ಹಿಂದೆಯೇ ಎರವಲು ಪಡೆದವು. ಇವತ್ತಿಗೂ ಜರ್ಮನ್ನಿನಲ್ಲಿ ‘ಶೇಮೆಲ್’ ಅಂದರೆ ಗಿಡ್ಡ ಸ್ಟೂಲು. ಹಳೆಯ ಇಂಗ್ಲಿಷಿನಲ್ಲಿ ಇದು ಸುಮಾರಾಗಿ ‘ಶ್ಯಾಮೆಲ್’ ಅಂತ ಆಯಿತು. ಅರ್ಥ ಮಣೆ, ಬೆಂಚು. ಆ ಕಾಲದ ಬೈಬಲ್ ಅನುವಾದಗಳಲ್ಲಿ ‘ಕಾಲ್ಮಣೆ’ ಅನ್ನುವ ಕಡೆ ಈ ಪದವೇ ಬರುತ್ತದೆ.

ಇಲ್ಲಿ ಕನ್ನಡದವರಿಗೆ ಒಂದು ಖುಷಿಯ ವಿಷಯವಿದೆ. ‘ಸ್ಕಾಮ್ನುಮ್’ ಪದದ ಬೇರು ‘ಆನಿಕೆ ಕೊಡು, ಎತ್ತಿ ಹಿಡಿ’ ಅನ್ನುವ ಅರ್ಥದ ಒಂದು ಬಹಳ ಹಳೆಯ ಧಾತು ಅಂತ ಭಾಷಾ ಇತಿಹಾಸಕಾರರು ಹೇಳುತ್ತಾರೆ. ಸಂಸ್ಕೃತದ ‘ಸ್ಕಂಭ’ವೂ ಅದೇ ಬೇರಿನದು. ಸ್ಕಂಭ ಅಂದರೆ ಆಧಾರ, ಕಂಬ. ಆ ಸ್ಕಂಭವೇ ಪ್ರಾಕೃತದಲ್ಲಿ ಸವೆದು ಹಿಂದಿಯಲ್ಲಿ ‘ಖಂಬಾ’ ಆಯಿತು, ನಮ್ಮಲ್ಲಿ ‘ಕಂಬ’ ಆಯಿತು. ರೋಮನ್ನರ ಬೆಂಚು ಮೈಭಾರ ಹೊರುತ್ತಿತ್ತು, ನಮ್ಮ ಕಂಬ ಸೂರಿನ ಭಾರ ಹೊರುತ್ತದೆ. ದೂರದ ನೆಂಟರು, ಆದರೆ ನೆಂಟರು. ಹೊರುವುದಕ್ಕೆ ಅಂತ ಹುಟ್ಟಿದ ಬೇರಿನಿಂದಲೇ, ತನ್ನ ಭಾರವನ್ನೇ ಸರಿಯಾಗಿ ಹೊರಲಾಗದ ನಡಿಗೆಯ ಹೆಸರೂ ಬಂದಿದೆ.

‘ಶ್ಯಾಮೆಲ್’ನಲ್ಲಿ ‘ಬ’ ಎಲ್ಲಿತ್ತು? ಇರಲಿಲ್ಲ. ಅದು ಬಾಯಲ್ಲೇ ಹುಟ್ಟಿದ್ದು. ಇದನ್ನು ನೀವೇ ಮಾಡಿ ನೋಡಬಹುದು. ‘ಮ’ ಅನ್ನುವಾಗ ತುಟಿ ಮುಚ್ಚಿರುತ್ತದೆ, ಗಾಳಿ ಮೂಗಿನಿಂದ ಹೋಗುತ್ತದೆ. ‘ಲ’ ಅನ್ನುವಾಗ ತುಟಿ ತೆರೆದಿರುತ್ತದೆ, ಮೂಗಿನ ದಾರಿ ಮುಚ್ಚಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಕೆಲಸ ಒಟ್ಟಿಗೆ ಆಗಬೇಕು. ತುಟಿ ತೆರೆಯುವ ಮೊದಲೇ ಮೂಗಿನ ದಾರಿ ಮುಚ್ಚಿಬಿಟ್ಟರೆ ಏನಾಗುತ್ತದೆ? ಗಾಳಿ ಒಂದು ಕ್ಷಣ ಬಾಯೊಳಗೇ ನಿಂತು, ತುಟಿ ತೆರೆದ ಕೂಡಲೇ ‘ಬ್’ ಅಂತ ಹೊರಗೆ ಬರುತ್ತದೆ. ಅಷ್ಟೇ. ಯಾರೂ ಬೇಕಂತ ಸೇರಿಸಿದ್ದಲ್ಲ.

ಇದೇ ರೀತಿಯಲ್ಲಿ ಹಳೆಯ ‘ಥಿಮೆಲ್’ ಇವತ್ತಿನ ‘ಥಿಂಬಲ್’ ಆಯಿತು, ದರ್ಜಿಗಳು ಬೆರಳಿಗೆ ಹಾಕುವ ಟೋಪಿ. ಲ್ಯಾಟಿನ್ನಿನ ‘ಹುಮಿಲಿಸ್’ ‘ಹಂಬಲ್’ ಆಯಿತು. ‘ನುಮೆರುಸ್’ ‘ನಂಬರ್’ ಆಯಿತು. ನಮ್ಮ ಮನೆಗಳಲ್ಲೂ ಇದು ನಡೆಯುತ್ತದೆ. ‘ತಾಮ್ರದ ಚೊಂಬು’ ಅನ್ನುವ ಬದಲು ‘ತಾಂಬ್ರದ ಚೊಂಬು’ ಅನ್ನುವವರು ಎಷ್ಟು ಜನ ಇಲ್ಲ? ಸಂಸ್ಕೃತದ ‘ಆಮ್ರ’ ಮರಾಠಿಯಲ್ಲಿ ‘ಆಂಬಾ’ ಆಗಿದ್ದೂ ಹೀಗೇ. ಮ-ಕಾರದ ಪಕ್ಕ ರ-ಕಾರವೋ ಲ-ಕಾರವೋ ಬಂದರೆ ನಡುವೆ ‘ಬ’ ನುಸುಳುತ್ತದೆ. ಇಂಗ್ಲೆಂಡಿನ ಬಾಯಿಗೂ ನಮ್ಮ ಬಾಯಿಗೂ ಇದರಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಶಬ್ದದ ಕತೆ ಇಷ್ಟು. ಅರ್ಥದ ಕತೆ ಇದಕ್ಕಿಂತ ಉದ್ದ.

ಮಣೆ ಅಂತ ಶುರುವಾದ ಪದ ನಿಧಾನವಾಗಿ ಸಾಮಾನು ಹರವಿಟ್ಟು ಮಾರುವ ಮೇಜಿಗೆ ಹೆಸರಾಯಿತು. ಆಮೇಲೆ ಎಲ್ಲ ಮೇಜುಗಳನ್ನೂ ಬಿಟ್ಟು, ಮಾಂಸ ಮಾರುವ ಮೇಜಿಗೆ ಮಾತ್ರ ಅಂಟಿಕೊಂಡಿತು. ಅಂಥ ಮೇಜುಗಳು ಒಂದು ಬೀದಿಯಲ್ಲಿ ಸಾಲಾಗಿ ನಿಂತರೆ ಆ ಜಾಗಕ್ಕೇ ‘ಶ್ಯಾಂಬಲ್ಸ್’ ಅಂತ ಹೆಸರು. ಬಹುವಚನ ಯಾಕೆ ಅಂದರೆ ಮೇಜುಗಳು ತುಂಬಾ ಇದ್ದವು.

ಕೂರುವ ವಸ್ತುವಿನ ಹೆಸರು ಒಂದು ವ್ಯವಸ್ಥೆಗೇ ಹೆಸರಾಗುವುದು ನಮಗೆ ಹೊಸದಲ್ಲ. ‘ಪೀಠ’ ಅಂದರೆ ಮೂಲದಲ್ಲಿ ಕೂರುವ ಆಸನ, ಅಷ್ಟೇ. ಈಗ ಹೈಕೋರ್ಟಿನ ಧಾರವಾಡ ಪೀಠ ಅನ್ನುತ್ತೇವೆ, ವಿಶ್ವವಿದ್ಯಾಲಯದ ಅಧ್ಯಯನ ಪೀಠ ಅನ್ನುತ್ತೇವೆ. ಯಾರ ಕಣ್ಣ ಮುಂದೆಯೂ ಮರದ ಆಸನ ಬರುವುದಿಲ್ಲ. ‘ಬ್ಯಾಂಕ್’ ಕೂಡ ಹಾಗೇ. ಇಟಲಿಯಲ್ಲಿ ದುಡ್ಡು ಬದಲಾಯಿಸಿಕೊಡುವವರು ಬೀದಿಯಲ್ಲಿ ಹಾಕಿಕೊಳ್ಳುತ್ತಿದ್ದ ಬೆಂಚಿಗೆ ‘ಬಾಂಕಾ’ ಅಂತ ಹೆಸರು. ಆ ಬೆಂಚೇ ಬೆಳೆದು ಇವತ್ತಿನ ಬ್ಯಾಂಕ್ ಆಗಿದೆ. ಈಗ ಡ್ರೈಡನ್ನನ ಸಾಲನ್ನು ಇನ್ನೊಮ್ಮೆ ನೋಡಿ. ‘ಶ್ಯಾಂಬಲಿಂಗ್’ ನಡಿಗೆಯ ‘ಬ್ಯಾಂಕರ್’ ಗೋಮೆಜ್. ಅವನ ನಡಿಗೆ ಒಂದು ಬೆಂಚಿನಿಂದ ಬಂತು, ಅವನ ಕಸುಬು ಇನ್ನೊಂದು ಬೆಂಚಿನಿಂದ ಬಂತು. ಡ್ರೈಡನ್ ಬೇಕಂತ ಮಾಡಿದ್ದಿರಲಾರದು. ಆದರೂ ಇಂಥವು ಕಣ್ಣಿಗೆ ಬಿದ್ದಾಗ ನನಗೆ ತುಂಬಾ ಸಂತೋಷವಾಗುತ್ತದೆ.

‘ಶ್ಯಾಂಬಲ್ಸ್’ ಅನ್ನುವ ಜಾಗ ಇವತ್ತಿಗೂ ನೋಡಲು ಸಿಗುತ್ತದೆ. ಇಂಗ್ಲೆಂಡಿನ ಉತ್ತರದಲ್ಲಿರುವ ಯಾರ್ಕ್ ನಗರದಲ್ಲಿ ಆ ಹೆಸರಿನ ಬೀದಿಯೇ ಇದೆ. ಇಂಗ್ಲೆಂಡಿನ ಜಮೀನು, ಆಸ್ತಿಗಳ ಲೆಕ್ಕ ಬರೆದಿಟ್ಟ 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಯಾರ್ಕಿನ ಮಾಂಸದ ಅಂಗಡಿಗಳ ಪ್ರಸ್ತಾಪ ಬರುತ್ತದೆ. ಈಗ ನಿಂತಿರುವ ಮರದ ಚೌಕಟ್ಟಿನ ಕಟ್ಟಡಗಳಲ್ಲಿ ಹಳೆಯವು 14ನೇ ಶತಮಾನದಷ್ಟು ಹಿಂದಿನವು. ಬೀದಿ ಬಹಳ ಇಕ್ಕಟ್ಟು. ಮೇಲಿನ ಅಂತಸ್ತುಗಳು ಕೆಳಗಿನವಕ್ಕಿಂತ ಮುಂದೆ ಚಾಚಿಕೊಂಡಿವೆ. ಕೆಲವು ಕಡೆ ಎರಡು ಬದಿಯ ಮನೆಗಳು ತಲೆ ತಾಗಿಸುವಷ್ಟು ಹತ್ತಿರ ಬರುತ್ತವೆ.

ಇದು ಚೆಂದಕ್ಕೆ ಮಾಡಿದ್ದಲ್ಲ. ಬಿಸಿಲು ಕೆಳಗೆ ಬೀಳಬಾರದು. ಬಿದ್ದರೆ ಮೇಜಿನ ಮೇಲಿನ ಮಾಂಸ ಕೆಡುತ್ತದೆ. ಬೀದಿಯ ಎರಡು ಬದಿಯ ಕಾಲುದಾರಿಗಳು ಎತ್ತರದಲ್ಲಿವೆ, ನಡುಭಾಗ ತಗ್ಗಿನಲ್ಲಿದೆ. ಕಡಿದು ಮುಗಿದ ಮೇಲೆ ನೀರು ಹಾಕಿದರೆ ರಕ್ತ, ಕರುಳು, ಚೂರುಪಾರು ಎಲ್ಲ ಆ ತಗ್ಗಿನಲ್ಲಿ ಹರಿದು ಹೋಗುತ್ತಿತ್ತು. ಅಂಗಡಿಗಳ ಹೊರಗೆ ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳು, ಕಿಟಕಿಯ ಕೆಳಗೆ ಮಾಂಸ ಹರವಿಡುತ್ತಿದ್ದ ಅಗಲದ ಹಲಗೆಗಳು ಈಗಲೂ ಅಲ್ಲಲ್ಲಿ ಕಾಣುತ್ತವೆ. 19ನೇ ಶತಮಾನದ ಕೊನೆಯ ಭಾಗದಲ್ಲೂ ಈ ಸಣ್ಣ ಬೀದಿಯಲ್ಲಿ 20ಕ್ಕಿಂತ ಜಾಸ್ತಿ ಮಾಂಸದ ಅಂಗಡಿಗಳಿದ್ದವು. ಈಗ ಮಿಠಾಯಿ, ಉಡುಗೊರೆ, ಕಾಫಿ. ವುಸ್ಟರ್, ಚೆಸ್ಟರ್‌ಫೀಲ್ಡ್, ಸ್ಟ್ರೌಡ್ ಹೀಗೆ ಬೇರೆ ಊರುಗಳಲ್ಲೂ ‘ಶ್ಯಾಂಬಲ್ಸ್’ ಅನ್ನುವ ಹೆಸರು ಉಳಿದಿದೆ. ಹೆಸರಿರುವ ಕಡೆಯೆಲ್ಲ ಒಂದು ಕಾಲದಲ್ಲಿ ಕಟುಕರ ಮೇಜುಗಳಿದ್ದವು ಅಂತ ತಿಳಿದುಕೊಳ್ಳಬಹುದು.

ಆ ಮೇಜು ಹೇಗಿತ್ತು ಅನ್ನುವುದರಲ್ಲೇ ನಮ್ಮ ನಡಿಗೆಯ ಗುಟ್ಟಿದೆ.

ಸಂತೆಯ ಮೇಜನ್ನು ಬೆಳಿಗ್ಗೆ ಹಾಕಿ ಸಂಜೆ ತೆಗೆಯಬೇಕು. ಹಾಗಾಗಿ ಎರಡು ಕಡೆ ಕಾಲು ಅಗಲಿಸಿ ನಿಲ್ಲುವ ಮರದ ಸ್ಟ್ಯಾಂಡು, ಮೇಲೊಂದು ದಪ್ಪ ಹಲಗೆ. ನಮ್ಮ ಮದುವೆ ಮನೆಗಳಲ್ಲಿ ಶಾಮಿಯಾನದವರು ತಂದು ಹಾಕುವ ಊಟದ ಟೇಬಲ್ ನೆನಪು ಮಾಡಿಕೊಳ್ಳಿ. ಮಡಚುವ ಕಬ್ಬಿಣದ ಕಾಲು ಎರಡು ಕಡೆ ಚಾಚಿಕೊಂಡಿರುತ್ತದೆ, ಮೇಲೆ ಉದ್ದನೆಯ ಹಲಗೆ, ಅದರ ಮೇಲೆ ಪೇಪರ್ ರೋಲ್. ರಚನೆ ಹೆಚ್ಚುಕಡಿಮೆ ಅದೇ. ಕಟುಕರ ಮೇಜಿಗೆ ಕಾಲು ಅಗಲವಾಗಿ ಇರಲೇಬೇಕು. ಮೇಲಿಂದ ಮಚ್ಚಿನ ಏಟು ಬೀಳುತ್ತದೆ. ಕಾಲು ಹತ್ತಿರ ಹತ್ತಿರ ಇದ್ದರೆ ಮೇಜು ಮಗುಚುತ್ತದೆ.

17ನೇ ಶತಮಾನದ ಶುರುವಿನಲ್ಲಿ ಇಂಗ್ಲಿಷಿನಲ್ಲಿ ಒಂದು ಹೊಸ ಮಾತು ಕಾಣಿಸಿಕೊಂಡಿತು: ‘ಶ್ಯಾಂಬಲ್ ಕಾಲು’. ಮನುಷ್ಯರ ಕಾಲಿಗೆ ಹೇಳಿದ್ದು. ಅಗಲಿಸಿಕೊಂಡ, ಒಡ್ಡೊಡ್ಡಾದ, ಹಿಡಿತವಿಲ್ಲದ ಕಾಲು ಅಂತ ಅರ್ಥ. ಅದಾದ ಕೆಲವು ದಶಕಗಳಿಗೆ ‘ಶ್ಯಾಂಬಲ್’ ಕ್ರಿಯಾಪದವಾಗಿ ಹೊರಬಂತು. ಮೇಜಿನ ಕಾಲಿನಂತೆ ಇರುವ ಕಾಲು ಮೊದಲು, ಆ ಕಾಲಿನಲ್ಲಿ ನಡೆಯುವ ನಡಿಗೆ ಆಮೇಲೆ. ಇದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಕಣ್ಣಾರೆ ನೋಡಿ ದಾಖಲಿಸಿದವರು ಯಾರೂ ಇಲ್ಲದ್ದರಿಂದ ನಿಘಂಟುಗಳು ‘ಬಹುಶಃ’ ಅನ್ನುವ ಮಾತು ಸೇರಿಸುತ್ತವೆ. ಅದು ನ್ಯಾಯವೇ.

ನನಗೆ ಈ ವಿವರಣೆ ಹಿಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೈಯ ಲೆಕ್ಕಾಚಾರಕ್ಕೂ ಅದು ಸರಿಹೊಂದುತ್ತದೆ.

ಆರಾಮಾಗಿ ನಡೆಯುವ ಆರೋಗ್ಯವಂತರ ಪಾದಗಳ ನಡುವಿನ ಅಡ್ಡ ಅಂತರ ಹೆಚ್ಚೆಂದರೆ ಒಂದು ಗೇಣಿನೊಳಗೇ ಇರುತ್ತದೆ. ಎಡಗಾಲೂ ಬಲಗಾಲೂ ಹೆಚ್ಚುಕಡಿಮೆ ಒಂದೇ ಗೆರೆಯ ಅಕ್ಕಪಕ್ಕ ಬೀಳುತ್ತವೆ. ಮುಂದೆ ಹೋಗುವ ಪಾದದ ಬೆರಳ ತುದಿ ನೆಲದಿಂದ ಮೇಲೆ ಹೋಗುವುದು ಒಂದೆರಡು ಸೆಂಟಿಮೀಟರ್ ಮಾತ್ರ. ಅಷ್ಟು ಸಣ್ಣ ಅಂತರದಲ್ಲಿ ಎಡವದೆ ಸಾಗುತ್ತೇವೆ. ಅದಕ್ಕೆ ಸೊಂಟ, ಮಂಡಿ, ಪಾದದ ಕೀಲು ಮೂರೂ ಹೊತ್ತಿಗೆ ಸರಿಯಾಗಿ ಕೆಲಸ ಮಾಡಬೇಕು.

ಕಾಲು ಅಗಲಿಸಿದರೆ ನಿಲ್ಲುವುದು ಸುಲಭ. ಈಗಷ್ಟೇ ನಡೆಯಲು ಕಲಿಯುವ ಮಗು ಕಾಲು ಅಗಲಿಸಿಯೇ ಹೆಜ್ಜೆ ಇಡುತ್ತದೆ, ಓಡುವ ಬಸ್ಸಿನಲ್ಲಿ ನಿಂತ ಕಂಡಕ್ಟರೂ ಹಾಗೇ. ಬೀಳದೆ ಇರಲು ಅದೇ ದಾರಿ. ಆದರೆ ನಿಲ್ಲುವುದಕ್ಕೆ ಅನುಕೂಲವಾದದ್ದು ನಡೆಯುವುದಕ್ಕೆ ತೊಂದರೆ. ಎರಡು ಪಾದಗಳು ದೂರ ದೂರ ಇದ್ದಾಗ ಒಂದೊಂದು ಹೆಜ್ಜೆಗೂ ಇಡೀ ಮೈಭಾರವನ್ನು ಅಡ್ಡಡ್ಡ ಹೊತ್ತು ಸಾಗಿಸಬೇಕು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಮುಂದೆ ಹೋಗುವ ಬಲ ಅರ್ಧ ಅಲ್ಲೇ ಖರ್ಚಾಗುತ್ತದೆ. ಮೈ ಓಲಾಡುತ್ತದೆ, ಪಾದ ಏಳಲು ಸಮಯ ಸಿಗುವುದಿಲ್ಲ, ನೆಲ ಉಜ್ಜುತ್ತದೆ.

ಅಂದರೆ ಏಟಿಗೆ ಅಲುಗದೆ ನಿಲ್ಲಲು ಮಾಡಿದ ಮೇಜು ಎದ್ದು ನಡೆಯಲು ಹೊರಟರೆ ಹೇಗಿರುತ್ತದೋ, ‘ಶ್ಯಾಂಬಲ್’ ನಡಿಗೆ ಹಾಗಿರುತ್ತದೆ. ಆ ಮಾತನ್ನು ಮೊದಲು ಆಡಿದವರು ಯಾರೋ ಸಂತೆಯಲ್ಲಿ ನಿಂತು ಜನರನ್ನು ಚೆನ್ನಾಗಿ ನೋಡಿದ್ದಾರೆ.

ಕೆಲವರು ‘ಶ್ಯಾಂಬಲ್’ ಪದವನ್ನು ‘ಆಂಬಲ್’ ಜೊತೆ ಸೇರಿಸಿ ನೋಡುತ್ತಾರೆ. ‘ಆಂಬಲ್’ ಅಂದರೆ ಆರಾಮಾಗಿ, ಗಡಿಬಿಡಿ ಇಲ್ಲದೆ ನಡೆಯುವುದು. ಕೇಳಲು ಅಣ್ಣತಮ್ಮಂದಿರ ಹಾಗಿವೆ. ಹುಟ್ಟಿನಲ್ಲಿ ಸಂಬಂಧವಿಲ್ಲ. ‘ಆಂಬಲ್’ ಬಂದದ್ದು ಲ್ಯಾಟಿನ್ನಿನ ‘ಅಂಬುಲಾರೆ’ಯಿಂದ, ಅಂದರೆ ‘ನಡೆ’. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು, ಮೊದಲು ಕುದುರೆಯ ಹದವಾದ ನಡಿಗೆಗೆ ಹೆಸರಾಗಿತ್ತು. ನಮ್ಮ ‘ಆಂಬುಲೆನ್ಸ್’ ಕೂಡ ಅದೇ ಬೇರಿನದು. ಸೈನ್ಯದ ಹಿಂದೆ ಜಾಗದಿಂದ ಜಾಗಕ್ಕೆ ಹೋಗುತ್ತಿದ್ದ ‘ನಡೆದಾಡುವ ಆಸ್ಪತ್ರೆ’ಗೆ ಫ್ರೆಂಚರು ಕೊಟ್ಟ ಹೆಸರಿನಿಂದ ಬಂತು. ಹುಟ್ಟು ಬೇರೆ ಇದ್ದರೂ ಪ್ರಾಸದ ಬಲ ದೊಡ್ಡದು. ‘ಆಂಬಲ್’, ‘ರ‍್ಯಾಂಬಲ್’, ‘ಸ್ಕ್ರ್ಯಾಂಬಲ್’ ಅಂತ ಚಲನೆಯ ಪದಗಳು ಸುತ್ತ ಇದ್ದದ್ದರಿಂದ ‘ಶ್ಯಾಂಬಲ್’ ಕೂಡ ನಡಿಗೆಯ ಪದವಾಗಿ ಸುಲಭವಾಗಿ ನೆಲೆಯೂರಿರಬೇಕು ಅಂತ ನನ್ನ ಊಹೆ.

ಕಾಲಿನ ಕತೆ ಇದಾದರೆ, ಹಲಗೆಯ ಕತೆ ಕತ್ತಲಿನದು.

ಮಾಂಸ ಮಾರುವ ಜಾಗದಿಂದ ‘ಶ್ಯಾಂಬಲ್ಸ್’ ಅರ್ಥ ಪ್ರಾಣಿ ಕಡಿಯುವ ಜಾಗಕ್ಕೆ ಜಾರಿತು. 16ನೇ ಶತಮಾನದ ಹೊತ್ತಿಗೆ ಕಸಾಯಿಖಾನೆ ಅನ್ನುವ ಅರ್ಥ ಬಂದಿತ್ತು. ಅಲ್ಲಿಂದ ಮನುಷ್ಯರನ್ನು ಕೊಚ್ಚಿ ಹಾಕಿದ ಜಾಗಕ್ಕೂ ಅದೇ ಮಾತು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ‘ಶ್ಯಾಂಬಲ್ಸ್‌ನಲ್ಲಿ ಮಾರುವುದನ್ನು ತಿನ್ನಿ’ ಅನ್ನುವ ಮಾತು ಬರುತ್ತದೆ. ಅಲ್ಲಿ ಬರೀ ಮಾಂಸದ ಮಾರುಕಟ್ಟೆ. ಅದೇ ಕಾಲದ ಷೇಕ್ಸ್‌ಪಿಯರನಲ್ಲಿ ನೋಡಿದರೆ ಬಣ್ಣ ಬೇರೆ. ‘ಒಥೆಲೊ’ದಲ್ಲಿ ಬೇಸಿಗೆಯ ನೊಣಗಳು ಮುತ್ತುವ ಜಾಗವಾಗಿ ಬರುತ್ತದೆ, ಹೇಸಿಗೆ ತುಂಬಿಕೊಂಡು.

ಇನ್ನೂ ಸೊಗಸಾದ ಉದಾಹರಣೆ ‘ಆರನೇ ಹೆನ್ರಿ’ಯ ಮೂರನೇ ಭಾಗದಲ್ಲಿದೆ. ಸಿಂಹಾಸನಕ್ಕಾಗಿ ಎರಡು ಮನೆತನಗಳು ಕತ್ತಿ ಹಿಡಿದು ನಿಂತಿವೆ. ವೈರಿ ಪಾರ್ಲಿಮೆಂಟಿನ ಒಳಗೇ ಬಂದು ಗದ್ದುಗೆ ಮೇಲೆ ಕೂತಿದ್ದಾನೆ. ಅವನನ್ನು ಅಲ್ಲೇ ಮುಗಿಸೋಣ ಅಂತ ರಾಜನ ಕಡೆಯವರು. ಪಾರ್ಲಿಮೆಂಟ್ ಮನೆಯನ್ನು ‘ಶ್ಯಾಂಬಲ್ಸ್’ ಮಾಡುವ ಯೋಚನೆ ನನ್ನ ಮನಸ್ಸಿಗೆ ಸುಳಿಯದಿರಲಿ ಅನ್ನುತ್ತಾನೆ ರಾಜ ಹೆನ್ರಿ. ಇವತ್ತಿನ ಇಂಗ್ಲಿಷ್ ಓದುಗರು ಈ ಸಾಲನ್ನು ಅವಸರದಲ್ಲಿ ಓದಿದರೆ ‘ಪಾರ್ಲಿಮೆಂಟಿನಲ್ಲಿ ಗಲಾಟೆ ಎಬ್ಬಿಸಬಾರದು’ ಅಂತ ಅರ್ಥ ಮಾಡಿಕೊಳ್ಳಬಹುದು. ಹೆನ್ರಿ ಹೇಳಿದ್ದು ರಕ್ತದ ಕೋಡಿಯ ಬಗ್ಗೆ. ಪದ ಅದೇ, ಕಾಲ ಬೇರೆ.

ಯಾಕೆಂದರೆ 20ನೇ ಶತಮಾನಕ್ಕೆ ಬರುವಷ್ಟರಲ್ಲಿ ಆ ರಕ್ತ ತೊಳೆದುಹೋಗಿತ್ತು. ‘ಶ್ಯಾಂಬಲ್ಸ್’ ಅಂದರೆ ಬರೀ ಅಧ್ವಾನ, ಅಸ್ತವ್ಯಸ್ತ. ಮಕ್ಕಳ ಕೋಣೆಗೂ ಅದೇ, ಲೆಕ್ಕ ತಪ್ಪಿದ ಆಫೀಸಿಗೂ ಅದೇ. ಕ್ರಿಕೆಟ್ ತಂಡವೊಂದು ಪಟಪಟನೆ ವಿಕೆಟ್ ಕಳಕೊಂಡರೆ ಮರುದಿನ ಇಂಗ್ಲಿಷ್ ಪತ್ರಿಕೆಯ ತಲೆಬರಹದಲ್ಲೂ ಅದೇ. ಇದು ವಿಚಿತ್ರ ಅನ್ನಿಸಿದರೆ ನಮ್ಮ ಮಾತು ನೋಡಿ. ‘ಮನೆ ಕುರುಕ್ಷೇತ್ರ ಮಾಡಿಟ್ಟಿದ್ದಾರೆ’, ‘ರಣರಂಪ ಎಬ್ಬಿಸಿದರು’ ಅನ್ನುತ್ತೇವೆ. ಹೇಳುವುದು ದಿಂಬು, ಬಟ್ಟೆ, ಆಟದ ಸಾಮಾನಿನ ಬಗ್ಗೆ. ಸಾವುನೋವಿನ ಪದಗಳು ಮನೆಯೊಳಗೆ ಬಂದು ಪಳಗುವುದು ಎಲ್ಲ ಭಾಷೆಗಳಲ್ಲೂ ಇರುವುದೇ.

ಈ ದಾರಿ ಇನ್ನೂ ಮುಂದುವರಿದಿದೆ. ‘ಶ್ಯಾಂಬಲ್ಸ್’ನಿಂದ 1970ರ ಆಸುಪಾಸಿನಲ್ಲಿ ಬ್ರಿಟನ್ನಿನಲ್ಲಿ ‘ಶ್ಯಾಂಬಾಲಿಕ್’ ಅನ್ನುವ ಗುಣವಾಚಕ ಹುಟ್ಟಿತು. 2009ರಲ್ಲಿ ಬಿಬಿಸಿಯ ರಾಜಕೀಯ ವಿಡಂಬನೆಯ ಧಾರಾವಾಹಿಯೊಂದು ‘ಆಮ್ನಿಶ್ಯಾಂಬಲ್ಸ್’ ಅನ್ನುವ ಮಾತನ್ನು ಸೃಷ್ಟಿಸಿತು. ಅಂದರೆ ಯಾವ ಕಡೆ ನೋಡಿದರೂ ಅಧ್ವಾನ. 2012ರಲ್ಲಿ ಲೇಬರ್ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್ ಆ ವರ್ಷದ ಬಜೆಟ್ಟನ್ನು ಪಾರ್ಲಿಮೆಂಟಿನಲ್ಲೇ ಹಾಗೆ ಕರೆದರು. ಅದೇ ವರ್ಷ ಆಕ್ಸ್‌ಫರ್ಡ್ ನಿಘಂಟಿನವರು ಬ್ರಿಟನ್ನಿನ ವರ್ಷದ ಪದ ಅಂತ ಅದನ್ನು ಆರಿಸಿದರು. ಹೆನ್ರಿ ಬೇಡ ಅಂದ ಪದ ಕೊನೆಗೂ ಪಾರ್ಲಿಮೆಂಟ್ ಒಳಗೆ ಬಂತು, ರಕ್ತವಿಲ್ಲದೆ.

ಹಾಗಾಗಿ ಇವತ್ತು ಒಂದೇ ಕಾಗುಣಿತಕ್ಕೆ ಎರಡು ಬದುಕು. ‘ಹಿ ಶ್ಯಾಂಬಲ್ಸ್’ ಅಂದರೆ ಅವನು ಒಡ್ಡೊಡ್ಡಾಗಿ ನಡೆಯುತ್ತಾನೆ. ‘ಎ ಶ್ಯಾಂಬಲ್ಸ್’ ಅಂದರೆ ಒಂದು ಅಧ್ವಾನ. ಎರಡನೆಯದು ನೋಡಲು ಬಹುವಚನ, ಬಳಕೆಯಲ್ಲಿ ಏಕವಚನ. ಕಲಿಯುವವರಿಗೆ ಇದು ಗೊಂದಲ ಮಾಡುತ್ತದೆ. ಹಿಂದೆ ಸಾಲು ಮೇಜುಗಳಿದ್ದವು, ಆಮೇಲೆ ಆ ಸಾಲು ಒಂದು ಜಾಗವಾಯಿತು ಅನ್ನುವುದು ಗೊತ್ತಿದ್ದರೆ ಗೊಂದಲ ಇರುವುದಿಲ್ಲ.

ಯಾರ ನಡಿಗೆಗೆ ಈ ಪದ ಒಪ್ಪುತ್ತದೆ?

ಇಂಗ್ಲಿಷ್ ಬರಹಗಾರರು ಇದನ್ನು ಕರಡಿಗೆ ಧಾರಾಳವಾಗಿ ಬಳಸುತ್ತಾರೆ. ಅದು ಸರಿಯಾದ ಬಳಕೆ ಅನ್ನುವುದಕ್ಕೆ ನಮ್ಮ ದರೋಜಿಗೆ ಹೋದರೆ ಸಾಕು. ಹಂಪಿಯ ಹತ್ತಿರದ ದರೋಜಿ 1994ರಿಂದ ಕರಡಿ ಧಾಮ. ಸಂಜೆ ಹೊತ್ತು ಬಂಡೆಗಳ ನಡುವಿನಿಂದ ಕರಡಿ ಇಳಿದು ಬರುವುದನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಬೆಕ್ಕು, ನಾಯಿ, ಚಿರತೆ ಬೆರಳ ಮೇಲೆ ನಡೆಯುತ್ತವೆ. ಕರಡಿ ನಮ್ಮ ಹಾಗೆ ಪೂರ್ತಿ ಅಂಗಾಲೂರಿ ನಡೆಯುತ್ತದೆ. ಮುಂಗಾಲುಗಳು ಒಳಕ್ಕೆ ತಿರುಗಿರುತ್ತವೆ. ಹುತ್ತ ಅಗೆಯಲು ಬೇಕಾದ ಉದ್ದನೆಯ, ಡೊಂಕು ಉಗುರುಗಳು ಬೆಕ್ಕಿನ ಉಗುರಿನಂತೆ ಒಳಗೆ ಹೋಗುವುದಿಲ್ಲ, ಹೆಜ್ಜೆಗೆ ಅಡ್ಡ ಬರುತ್ತವೆ. ಜೊತೆಗೆ ಜೋತಾಡುವ ಉದ್ದ ಕೂದಲು. ಇವೆಲ್ಲ ಸೇರಿ ಮೈ ಒಂದು ಕಡೆ, ಕಾಲು ಒಂದು ಕಡೆ ಅನ್ನಿಸುತ್ತದೆ. ಹಾಗಂತ ಅದನ್ನು ನಿಧಾನದ ಪ್ರಾಣಿ ಅಂದುಕೊಂಡರೆ ಅಪಾಯ. ಬೇಕೆಂದಾಗ ಓಡುವ ಮನುಷ್ಯರನ್ನು ಹಿಂದೆ ಹಾಕುವಷ್ಟು ವೇಗ ಅದಕ್ಕಿದೆ.

ಇನ್ನೊಂದು ಕಡೆ ಈ ಪದ ಗಟ್ಟಿಯಾಗಿ ನೆಲೆಯೂರಿರುವುದು ಜಾಂಬಿ ಕತೆಗಳಲ್ಲಿ. 1968ರಲ್ಲಿ ಜಾರ್ಜ್ ರೊಮೆರೊ ತೆರೆಗೆ ತಂದ ಸತ್ತೆದ್ದ ಜನ ಓಡುವುದಿಲ್ಲ, ಕಾಲೆಳೆದುಕೊಂಡು ಬರುತ್ತಾರೆ. ಈಗ ಅಂಥವರಿಗೆ ‘ಶ್ಯಾಂಬ್ಲರ್’ ಅನ್ನುವ ನಾಮಪದವೇ ಇದೆ. ಅಭಿಮಾನಿಗಳು ನಿಧಾನದ ಜಾಂಬಿಗಳನ್ನು ಓಡುವವುಗಳಿಂದ ಬೇರೆ ಮಾಡಲು ಅದನ್ನು ಬಳಸುತ್ತಾರೆ. ಕಸಾಯಿಯ ಮೇಜಿನಿಂದ ಹುಟ್ಟಿದ ಪದಕ್ಕೆ ಇದು ತಕ್ಕ ಜಾಗವೇ.

ನಿದ್ದೆಗಣ್ಣಿನಲ್ಲಿ ಕಾಫಿಗೆ ಎದ್ದು ಬರುವವರಿಗೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವವರಿಗೆ ಹೇಳಿದರೆ ಯಾರಿಗೂ ಬೇಸರವಿಲ್ಲ. ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ನಡಿಗೆ ಬದಲಾದವರಿಗೆ ಮಾತ್ರ ಇದನ್ನು ಬಳಸಬೇಡಿ. ಈ ಪದ ನಡಿಗೆಯನ್ನು ಬರೀ ವರ್ಣಿಸುವುದಿಲ್ಲ, ಜೊತೆಗೆ ಒಂದು ಅಂಕವನ್ನೂ ಕೊಡುತ್ತದೆ, ಅದೂ ಕಡಿಮೆ ಅಂಕ. ಪಾರ್ಕಿನ್ಸನ್ಸ್ ಇರುವವರ ಸಣ್ಣ ಸಣ್ಣ ಎಳೆ ಹೆಜ್ಜೆಗಳಿಗೆ ಇಂಗ್ಲಿಷಿನಲ್ಲಿ ವೈದ್ಯರು ‘ಶಫ್ಲಿಂಗ್’ ಅನ್ನುವ ಪದ ಬಳಸುತ್ತಾರೆ. ಅದು ಪಾದ ಏನು ಮಾಡುತ್ತಿದೆ ಅನ್ನುವುದನ್ನಷ್ಟೇ ಹೇಳುತ್ತದೆ.